ಸಾರ್ವಜನಿಕ ಸರ್ವರ್: ಬಾಗಿಲು ತೆರೆಯುವ ಮುನ್ನ

ಸರ್ವರ್ ಎಂದೊಡನೆ ನಮ್ಮಲ್ಲಿ ಅನೇಕರು ಯಾವುದೋ ದೊಡ್ಡ ಯಂತ್ರವನ್ನು ಊಹಿಸಿಕೊಳ್ಳುವುದುಂಟು. ಕೇಳಿದವರಿಗೆ ಕೇಳಿದ ಪುಟವನ್ನು ಕೊಡುತ್ತ ಸದಾ ಎಚ್ಚರವಾಗಿರುವ ಗಣಕವೇ ಸರ್ವರ್. ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀಯವರು ೧೯೯೦ರ ಕೊನೆಯಲ್ಲಿ ನಡೆಸಿದ ಮೊತ್ತಮೊದಲ ವೆಬ್ ಸರ್ವರ್ ಅವರ ಮೇಜಿನ ಗಣಕವೇ ಆಗಿತ್ತು. ಯಾರೂ ಆರಿಸದಿರಲೆಂದು ಅದಕ್ಕೆ ಕೆಂಪು ಶಾಯಿಯಲ್ಲಿ ಬರೆದ ಚೀಟಿಯೊಂದನ್ನು ಅಂಟಿಸಿದ್ದರು. ಇಂದು ಚೀಟಿಯೊಂದೇ ಸಾಲದೆಂಬುದನ್ನು ನಾನು ಪೆಟ್ಟು ತಿಂದು ಕಲಿತೆ.

ನಮ್ಮೂರ ಹೆಂಗಸರು ಹಾಡಿದ ೪೧ ಸೋಬಾನೆ ಪದಗಳನ್ನು ನಾವು ಮೂವರು ಸಹಪಾಠಿಗಳು ಫೋನಿನಲ್ಲಿ ಮುದ್ರಿಸಿಕೊಂಡಿದ್ದೆವು. ಅವನ್ನು ಎಲ್ಲರಿಗೂ ಕೇಳಿಸಬೇಕೆಂಬ ಉತ್ಸಾಹದಿಂದ ಮನೆಯ ಹಳೆಯ ಗಣಕಕ್ಕೆ ಡೆಬಿಯನ್ ಹಾಕಿ, ಹಾಡುಗಳನ್ನು ಅದಕ್ಕೆ ತುಂಬಿ, ಜಾಗ ಸಾಲದ ಫೋನಿನಿಂದ ಅಳಿಸಿಬಿಟ್ಟೆವು. ಪರೀಕ್ಷೆಗೆಂದು 'ಟೆಸ್ಟ್' ಎಂಬ ಬಳಕೆದಾರನನ್ನು ಮಾಡಿ, ಆ ಹೆಸರನ್ನೇ ಗುಪ್ತಪದವಾಗಿಯೂ ಇಟ್ಟೆ. ನಾಳೆ ತೆಗೆದರಾಯಿತೆಂದು ಗಣಕವನ್ನು ಜಾಲಕ್ಕೆ ತೆರೆದು ಮಲಗಿದೆ.

ಬೆಳಗ್ಗೆ ಎದ್ದು ನೋಡುತ್ತೇನೆ, ಫ್ಯಾನು ಗಿರ್ರನೆ ತಿರುಗುತ್ತಿದೆ. ಗಣಕವು ಯಾರೋ ಅಪರಿಚಿತನ ಕೆಲಸದಲ್ಲಿ ತೊಡಗಿದೆ! ಹಾಡುಗಳಿದ್ದ ಜಾಗ ಬರಿದು. ದಾಖಲೆಯ ಕಡತದಲ್ಲಿ ರೂಟ್, ಅಡ್ಮಿನ್, ಟೆಸ್ಟ್ ಎಂದು ರಾತ್ರಿಯಿಡೀ ಬಾಗಿಲು ತಟ್ಟಿದ ಗುರುತುಗಳು. ತಟ್ಟಿದವರು ಮನುಷ್ಯರಲ್ಲ, ಜಾಲದ ವಿಳಾಸಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸುತ್ತ ಹೋಗುವ ಯಂತ್ರಗಳು. ನಮ್ಮ ಬಡ ಗಣಕ ಯಾರಿಗೆ ಬೇಕೆಂದು ನಿಶ್ಚಿಂತರಾಗಿರುವವರು ಇದನ್ನು ಗಮನಿಸಬೇಕು.

ಕಳ್ಳ ಹೊಕ್ಕ ಗಣಕದಲ್ಲಿ ಏನೇನು ಬದಲಾಗಿದೆಯೋ ಹೇಳಬರುವುದಿಲ್ಲ. ಆದುದರಿಂದ ಎಲ್ಲವನ್ನೂ ಅಳಿಸಿ ಹೊಸದಾಗಿ ತೊಡಗಿದೆ. ಹೊರಗಿನವರಿಗೆ ದಾರಿ ಬಿಡುವ ಮೊದಲೇ ತಂತ್ರಾಂಶಗಳ ಹೊಸ ತಿದ್ದುಪಡಿಗಳನ್ನೆಲ್ಲ ತರಿಸಿದೆ. ಗಣಕಕ್ಕೆ ಪೋರ್ಟ್ ಎಂಬ ಬಾಗಿಲುಗಳು ೬೫,೫೩೫ರವರೆಗೆ ಉಂಟು. ಪುಟಗಳನ್ನು ಕೊಡಲು ೮೦ ಮತ್ತು ೪೪೩, ಯಜಮಾನನು ದೂರದಿಂದ ಒಳಬರಲು ೨೨. ಇಷ್ಟನ್ನುಳಿದು ಮಿಕ್ಕವನ್ನೆಲ್ಲ ಫೈರ್‌ವಾಲ್ ಹಾಕಿ ಮುಚ್ಚಿದೆ. ಪುಟ ಕೊಡುವ ಅಪಾಚೆಯು ಹೆಚ್ಚಿನ ಅಧಿಕಾರವಿಲ್ಲದ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ. ಅದು ಕೈತಪ್ಪಿದರೂ ಇಡೀ ಮನೆ ಸುಲಭವಾಗಿ ಹೋಗದು.

೨೨ರ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವು ನಡೆದುದರಿಂದ, ಫಿನ್ಲೆಂಡಿನ ಟಾಟು ಯುಲೋನೆನ್ ಎಂಬವರು ೧೯೯೫ರಲ್ಲಿ ಎಸ್‌ಎಸ್‌ಎಚ್ ಎಂಬ ವಿಧಾನವನ್ನು ರಚಿಸಿದರು. ಅದರಲ್ಲಿ ಗುಪ್ತಪದದ ಬದಲು ಜೋಡಿ ಕೀಲಿಗಳನ್ನು ಬಳಸಬಹುದು. ಒಂದು ಸರ್ವರಿನಲ್ಲಿರುತ್ತದೆ, ಅದನ್ನು ಯಾರು ಕಂಡರೂ ಹಾನಿಯಿಲ್ಲ. ಇನ್ನೊಂದು ನನ್ನಲ್ಲೇ ಉಳಿಯುತ್ತದೆ. ಅದು ನನ್ನಲ್ಲಿದೆಯೆಂಬುದನ್ನು ಗಣಿತದಿಂದ ಸಿದ್ಧಪಡಿಸಿದರೆ ಸಾಕು, ಕೀಲಿಯನ್ನೇ ಕಳುಹಿಸಬೇಕಾಗಿಲ್ಲ. ಕೀಲಿ ಕೆಲಸಮಾಡುವುದೆಂದು ಇನ್ನೊಂದು ಕಿಟಕಿಯಿಂದ ನೋಡಿದ ಮೇಲೆಯೇ ಗುಪ್ತಪದದ ಪ್ರವೇಶವನ್ನು ನಿಲ್ಲಿಸಬೇಕು. ಅವಸರಪಟ್ಟರೆ ಯಜಮಾನನೇ ಹೊರಗೆ!

ಈಗ ತಟ್ಟುವುದು ನಿಂತಿಲ್ಲ, ಆದರೆ ಬಾಗಿಲು ತೆರೆಯುವುದಿಲ್ಲ. ಪ್ರತಿ ಭಾನುವಾರ ಹಾಡುಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಅದನ್ನು ಬಿಚ್ಚಿಡುತ್ತೇನೆ; ಆಗೀಗ ಅದರಿಂದ ಒಂದು ಹಾಡನ್ನು ನುಡಿಸಿಯೂ ನೋಡುತ್ತೇನೆ.

ಕಳೆದುಹೋದವುಗಳಲ್ಲಿ ೩೮ ಹಾಡುಗಳು ಗೆಳತಿಯೊಬ್ಬಳ ಪೆನ್‌ಡ್ರೈವಿನಲ್ಲಿ ಸಿಕ್ಕಿದವು. ಉಳಿದ ಮೂರಕ್ಕಾಗಿ ದಸರೆಯ ರಜೆಯಲ್ಲಿ ಹಾಡಿದ ಅಜ್ಜಿಯ ಮನೆಗೆ ಮತ್ತೆ ಹೋದೆವು. ಎರಡನ್ನು ಹಾಡಿದರು. ಮೂರನೆಯದು ಅವರ ನೆನಪಿಗೆ ಬರಲಿಲ್ಲ.