ಆರೈಕೆಗೆ ಬೇಕಾದ ಮಾತು

ಹಿರಿಯರ ಮನೆಬಾಗಿಲಿಗೆ ಚಿಕಿತ್ಸೆಯನ್ನು ಒಯ್ಯುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಸಾಮನಪಳ್ಳಿಯಲ್ಲಿ ಆರಂಭವಾಯಿತು. ಇಂದು ಕೃಷ್ಣಗಿರಿಗೆ ಸೇರಿದ ಆ ಊರು 2004ರವರೆಗೆ ಧರ್ಮಪುರಿ ಜಿಲ್ಲೆಯದೇ. ಆದರೆ ಕನ್ನಡ ಮನೆಮಾತಿನ ವೃದ್ಧೆಯ ಬಳಿಗೆ ದೂರದೂರಿನಿಂದ ಬಂದ ಆರೈಕೆಗಾರ್ತಿಗೆ ತಮಿಳು ಮಾತ್ರ ತಿಳಿದಿದ್ದರೆ? ‘ನೋವು’ ಎಂದರೆ ಅರ್ಥವಾದೀತು. ‘ಜೋಮು’, ‘ಸೆಳೆತ’, ‘ಉರಿ’ಗಳ ಭೇದ ತಿಳಿಯುವುದು ಕಷ್ಟ. ಪಾದದ ಜೋಮು ಸಕ್ಕರೆ ಕಾಯಿಲೆಯಿಂದಲೂ ಬರುತ್ತದೆ. ಸ್ಪರ್ಶವರಿಯದ ಕಾಲಿನ ಗಾಯ ಗಮನಕ್ಕೆ ಬಾರದೆ ಹುಣ್ಣಾಗುತ್ತದೆ. ಹಾಸಿಗೆ ಹಿಡಿದವರ ಬೆನ್ನುರಿಯನ್ನಂತೂ ಕಡೆಗಣಿಸಲಾಗದು.

ವಿದ್ಯಾರ್ಥಿಗಳು ಇಂಥ ಪದಗಳನ್ನು ಅಜ್ಜ ಅಜ್ಜಿಯರಿಂದ ಕೇಳಿ, ತಮಿಳು ಅರ್ಥದೊಡನೆ ಬರೆದು ತರಲಿ. ನಿಘಂಟಿನ ನಕಲು ಬೇಡ. ಆರೈಕೆಗಾರ್ತಿ ಓದುವಂತೆ ಕನ್ನಡ ಪದವನ್ನು ತಮಿಳು ಲಿಪಿಯಲ್ಲಿಯೂ ಬರೆಯಿಸಬೇಕು. ಆ ಲಿಪಿಯಲ್ಲಿ ಕ–ಗ ಭೇದವಿಲ್ಲವಾದ್ದರಿಂದ ಉಚ್ಚಾರಣೆಯನ್ನು ಮಕ್ಕಳೇ ಆಕೆಗೆ ಹೇಳಿಕೊಡಲಿ.