ಟಕ್ ಅಂದ್ರ ಸಾಕು: ಟಾರ್ಕ್ ಪಾನಾ ತಗೊಳ್ಳೋ ತಮ್ಮಗ ಕಾಕಾನ ಕಿವಿಮಾತು

ತಮ್ಮಾ, ಹೋದ ವಾರ ಫೋನ್ ಮಾಡಿ, "ಕಾಕಾ, ಮನಿಗೊಂದು ಟಾರ್ಕ್ ಪಾನಾ ತಗೋಬೇಕಂತೀನಿ, ಕಡಿಮಿ ರೊಕ್ಕದಾಗ ಯಾವ್ದು ಛಲೋ?" ಅಂತ ಕೇಳಿದ್ದಿ. ಅದು ಫೋನಿನ್ಯಾಗ ಹೇಳಿ ಮುಗಿಯೋ ಮಾತಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಾಗ ಒಂದಿಷ್ಟೊಂದಿಷ್ಟು ವರ್ಷ ಸರ್ಕಾರಿ ಬಸ್ಸಿನ ಕೆಳಗ ಮಲಗಿ ನಟ್ಟು ತಿರುವಿದಾಂವ ನಾನು. ರಿಟೈರ್ ಆದ ಮ್ಯಾಲ ನನ್ನ ಗಾಡಿ, ಅಳಿಯನ ಕಾರು, ತ್ವಾಟದ ಔಷಧ ಹೊಡಿಯೋ ಪಂಪು, ಇಷ್ಟ ನನ್ನ ಡಿಪೋ. ನೆನಪಾದಂಗ ಬರದೀನಿ.

• ಅಂಗಡಿಗೆ ಹೋಗೋಕಿಂತ ಮೊದಲ ನಿಮ್ಮ ಅಂಗಳದಾಗ ನಿಂತು ಎಣಿಸು. ನೀ ಖರೇನ ತಿರುವೋ ನಟ್ಟು-ಬೋಲ್ಟು ಯಾವ್ಯಾವು? ಗಾಡಿಯ ಆಯಿಲ್ ಬೋಲ್ಟು, ಪ್ಲಗ್ಗು, ಹಿಂದಿನ ಗಾಲಿಯ ನಟ್ಟು, ಕಾರಿನ ಗಾಲಿ ನಟ್ಟು. ಅಲ್ಲಿಗೆ ಮುಗೀತು. ಗಾಡಿಯ ಕೆಲಸ ಬಹಳಷ್ಟು 10ರಿಂದ 60 ನ್ಯೂಟನ್ ಮೀಟರಿನಾಗ ಆಗಿಹೋಗ್ತೈತಿ. ಸಣ್ಣ ಕಾರಿನ ಗಾಲಿ ನಟ್ಟಿಗೆ ಬಹಳಷ್ಟು ಕಂಪನಿಯವ್ರು 85ರಿಂದ 120ರ ನಡುವ ಬರದಿರ್ತಾರ. ಟ್ರ್ಯಾಕ್ಟರಿನ ಹಿಂದಿನ ಗಾಲಿ 200 ದಾಟತೈತಿ, ದೊಡ್ಡ ಬಸ್ಸು-ಲಾರಿ 500 ದಾಟತಾವ. ಸಿಂದಗಿ ಕಡೆ ಕಬ್ಬಿನ ಟ್ರ್ಯಾಲಿ ಐತಿ ಅಂತ ಅದಕ್ಕೂ ಸೇರಿಸಿ ಒಂದ ಪಾನಾ ಹುಡುಕಾಕ ಹೋಗಬ್ಯಾಡ. ಆ ಕೆಲಸ ಮುಕ್ಕಾಲು ಇಂಚಿನ ದೊಡ್ಡ ಪಾನಾದ್ದು. ಅದರ ರೇಟು ಕೇಳಿದ್ರ ನೀ ಟ್ರ್ಯಾಲಿನ ಮಾರ್ತಿ.

• "ದೊಡ್ಡದು ತಗೊಂಡ್ರ ಸಣ್ಣದೂ ಅದರಾಗ ಬರ್ತೈತಿ" ಅನ್ನೋದು ಜೋಳದ ಚೀಲಕ್ಕ ಖರೆ, ಟಾರ್ಕ್ ಪಾನಾಕ್ಕ ಸುಳ್ಳು. ಇಟ್ಟ ಅಂಕಿಗೆ ಬಂದ ಕೂಡಲೇ ಟಕ್ ಅನ್ನೋ ಪಾನಾದ ಒಳಗ ಒಂದು ಸ್ಪ್ರಿಂಗ್ ಇರ್ತೈತಿ. ಹಿಡಿಕಿ ತಿರುವಿದಂಗ ಅದು ಬಿಗೀತೈತಿ. ಅಳತಿಯ ತಳಕ್ಕ ಬಂದಾಗ ಆ ಸ್ಪ್ರಿಂಗ್ ಸಡ್ಲ ಇರ್ತೈತಿ, ಆಗ ಅದರ ಮಾತು ನಂಬಂಗಿಲ್ಲ. ಐಎಸ್ಒ 6789 ಅನ್ನೋ ನಿಯಮದಾಗೂ ಪಾನಾವನ್ನ ಅದರ ಪೂರ್ತಿ ಅಳತಿಯ ನೂರಕ್ಕ 20, 60, 100, ಈ ಮೂರು ಕಡೆ ತಪಾಸ್ ಮಾಡ್ತಾರ. 20ರ ಕೆಳಗಿನ ಹೊಣಿ ಯಾರೂ ಹೊರಂಗಿಲ್ಲ. ಅಂದ್ರ 200ರ ತನಕ ಅಳಿಯೋ ಪಾನಾ 40ರ ಕೆಳಗ ನಿನಗ ಉಪಯೋಗಿಲ್ಲ.

ಇದನ್ನ ನಾ ಪುಸ್ತಕದಾಗ ಓದಿ ಕಲೀಲಿಲ್ಲ. ಮುದ್ದೇಬಿಹಾಳದಾಗ ಇದ್ದಾಗ ಒಂದು ಐತವಾರ ನನ್ನ ಗಾಡಿಯ ಎಂಜಿನ್ ಮ್ಯಾಲಿನ ಮುಚ್ಚಳದ ಬೋಲ್ಟಿಗೆ ದೊಡ್ಡ ಪಾನಾ ಹಾಕಿ, 12ಕ್ಕ ಇಟ್ಟು ತಿರುವಿದೆ. ಟಕ್ ಅಂತೈತಿ, ಈಗ ಅಂತೈತಿ ಅಂತ ಕಿವಿಗೊಟ್ಟು ಕುಂತೆ. ಕೊನಿಗೆ ಟಕ್ ಅಂದದ್ದು ಪಾನಾ ಅಲ್ಲ, ಬೋಲ್ಟು. ತುಂಡು ಒಳಗ ಉಳೀತು. ಅದನ್ನ ತಗಿಯಾಕ ಹೋದ ರೊಕ್ಕದಾಗ ಸಣ್ಣ ಪಾನಾ ಒಂದು ಬರ್ತಿತ್ತು. ನಿಮ್ಮ ಕಾಕಿ ಇವತ್ತಿಗೂ ಅದನ್ನ ಎತ್ತಿ ಆಡ್ತಾಳ.

• ಹಂಗಾದ್ರ ಎರಡು ತಗೋಬೇಕೇನು? ಒಂದ ಸಲಕ್ಕ ಬ್ಯಾಡ. ಗಾಡಿ ನೀನ ರಿಪೇರಿ ಮಾಡ್ಕೊತಿ ಅಂದ್ರ ಮೊದಲ ಮೂರು ಸೂತಿನ, ಅಂದ್ರ 3/8 ಇಂಚಿನ ಚೌಕದ್ದು ತಗೋ, 60ರ ಆಸುಪಾಸಿಗೆ ಮುಗಿಯೋ ಅಳತಿದು. ಕಾರಿನ ಗಾಲಿ ಅಷ್ಟ ನಿನ್ನ ಚಿಂತಿ ಅಂದ್ರ ಅರ್ಧ ಇಂಚಿಂದು ಸಾಕು, 200ರ ತನಕ ಇರ್ಲಿ. ನಿನ್ನ 85, 100 ಅನ್ನೋದು ಆಗ ನಡುಮಧ್ಯ ಬೀಳ್ತೈತಿ. ಪಾನಾ ಎಲ್ಲಕ್ಕಿಂತ ಖರೆ ಹೇಳೋದು ಅಲ್ಲೇ.

• ಮುಳ್ಳಿನ ಪಾನಾವನ್ನ ಕೀಳಾಗಿ ನೋಡಬ್ಯಾಡ. ಉದ್ದ ಕಂಬಿ, ಅದರ ಮಗ್ಗಲಾಗ ಇನ್ನೊಂದು ತೆಳ್ಳನ ಕಡ್ಡಿ, ಹಿಡಿಕಿ ಹತ್ರ ಅಂಕಿ ಬರದ ಪಟ್ಟಿ. ಕಂಬಿ ಬಾಗತೈತಿ, ಕಡ್ಡಿ ಬಾಗಂಗಿಲ್ಲ, ಅಷ್ಟ ಅದರ ಶಾಸ್ತ್ರ. ಸಡ್ಲ ಆಗಾಕ ಸ್ಪ್ರಿಂಗ್ ಇಲ್ಲ, ಖಾಲಿ ಆಗಾಕ ಸೆಲ್ ಇಲ್ಲ. ಮುಳ್ಳು ಸೊನ್ನಿ ಮ್ಯಾಲಿಂದ ಸರದಿದ್ರ ಕೈಲೆ ಬಾಗಿಸಿ ಸೊನ್ನಿಗೆ ತಂದ್ರ ಆತು. ನೇರ ಮ್ಯಾಲಿಂದ ನೋಡಿ ಓದಬೇಕು, ಮಗ್ಗಲಿಂದ ನೋಡಿದ್ರ ಅಂಕಿ ತಪ್ಪತೈತಿ. ಸಂದಿಯಾಗ ಕೆಲಸಕ್ಕ ಬರಂಗಿಲ್ಲ. ಆದ್ರ ಗಾಲಿ ನಟ್ಟು ಬಯಲಾಗ ಇರ್ತೈತಲ್ಲ, ಅಲ್ಲಿ ಇದು ಬಡವನ ಬಂಗಾರ. ಹುಡುಗರು ಇದನ್ನ ಹಳೇ ಕಾಲದ್ದು ಅಂತಾರ. ಅನ್ಲಿ.

ಡಿಜಿಟಲ್ಲು ಬ್ಯಾಡ. ಕೆಟ್ಟದ್ದಲ್ಲ, ಆದ್ರ ನಮ್ಮ ಎರಿ ಮಣ್ಣಿನ ದೂಳು, ಮೇ ತಿಂಗಳ ಬಿಸಿಲು, ವರ್ಷಕ್ಕ ನಾಕು ಸಲದ ಬಳಕಿ, ಇದಕ್ಕ ಅಷ್ಟು ರೊಕ್ಕ ಹಾಕೋದು ದಂಡ.

• ಈಗ ಹೇಳೋದನ್ನ ಎರಡು ಸಲ ಓದು. ನಮ್ಮ ಕಡೆ ಬೋಲ್ಟಿಗೆ ಪಾನಾದ ನಂಬರಿನ ಹೆಸರು ಇಟ್ಟೇವಿ. "ಹತ್ತು ನಂಬರ್ ಬೋಲ್ಟು ಕೊಡು" ಅಂತೀವಿ. ಆ ಹತ್ತು ಅದರ ತಲಿ ಅಳತಿ. ಕಂಪನಿ ಪುಸ್ತಕದಾಗಿನ ಪಟ್ಟಿ ಲೆಕ್ಕ ಹಿಡಿಯೋದು ತಲೀದಲ್ಲ, ಥ್ರೆಡ್ಡಿನ ದಪ್ಪದ್ದು. ಜಪಾನಿ ವಂಶದ ಗಾಡಿಗಳಾಗ ಹತ್ತು ನಂಬರ್ ಪಾನಾ ಕೂಡೋ ಬೋಲ್ಟು 6 ಮಿಲಿಮೀಟರಿಂದು, 12 ನಂಬರಿಂದು 8 ಮಿಲಿಮೀಟರ್, 14 ನಂಬರಿಂದು 10 ಮಿಲಿಮೀಟರ್, 17 ನಂಬರಿಂದು 12 ಮಿಲಿಮೀಟರ್. ಹೊಂಡಾ ಪುಸ್ತಕಗಳಾಗ ಬೇರೆ ಏನೂ ಬರದಿರದಿದ್ದಾಗ ಹಿಡಿಯೋ ಸಾದಾ ಪಟ್ಟಿ ಹಿಂಗೈತಿ: 6 ಮಿಲಿಮೀಟರಿಗೆ 10 ನ್ಯೂಟನ್ ಮೀಟರ್, 8ಕ್ಕ 22, 10ಕ್ಕ 34, 12ಕ್ಕ 54. ಹತ್ತು ನಂಬರ್ ಬೋಲ್ಟಿಗೆ 34 ಕೊಟ್ಟಿ ಅಂದ್ರ ಒಂದೋ ಬೋಲ್ಟು ಮುರೀತೈತಿ, ಇಲ್ಲಾ ಅಲ್ಯುಮಿನಿಯಮ್ಮಿನ ಥ್ರೆಡ್ ಹರದು ಬರ್ತೈತಿ. ಈ ನಾಕು ಸಾಲು ಒಂದು ಚೀಟಿಯಾಗ ಬರದು ಪಾನಾದ ಡಬ್ಬಿ ಒಳಗ ಅಂಟಿಸು. ನಿನ್ನ ಗಾಡಿ ಪುಸ್ತಕ ಬೇರೆ ಅಂಕಿ ಹೇಳಿದ್ರ ಅದ ಖರೆ, ನನ್ನ ಚೀಟಿ ಅಲ್ಲ.

• ಅಂಕಿ ಯಾವ ಅಳತಿಯಾಗ ಐತಿ ಅಂತ ನೋಡು. 1 ಕೇಜಿ ಮೀಟರ್ ಅಂದ್ರ 9.8 ನ್ಯೂಟನ್ ಮೀಟರ್. ಬಾಯಿಲೆಕ್ಕಕ್ಕ ಹತ್ತು ಅಂತ ಹಿಡಿ. ಫೂಟ್ ಪೌಂಡ್ ಒಂದಕ್ಕ ಸುಮಾರು 1.36. ಪಾನಾದ ಒಂದು ಮಗ್ಗಲಾಗ ಒಂದು ಅಳತಿ, ಇನ್ನೊಂದು ಮಗ್ಗಲಾಗ ಇನ್ನೊಂದು ಕೆತ್ತಿರ್ತಾರ. 25 ನ್ಯೂಟನ್ ಮೀಟರ್ ಅಂತ ತಿಳಕೊಂಡು 25 ಫೂಟ್ ಪೌಂಡಿಗೆ ಇಟ್ರ 34 ಆಗ್ತೈತಿ. ಬ್ಯಾಡಾದ ಅಳತಿ ಮ್ಯಾಲ ಟೇಪ್ ಸುತ್ತಿಬಿಡು.

• ಅಂಗಡಿಯಾಗ ನೋಡೋದು. ಹಿಡಿಕಿ ತಿರುವಿದ್ರ ಸಲೀಸ ತಿರುಗಿ, ಅಂಕಿಗೆ ಬಂದು ಗಟ್ಟಿ ನಿಲ್ಲಬೇಕು. ಬೀಗದ ತಿರುಪು ಹಾಕಿದ ಮ್ಯಾಲ ಅಲುಗಬಾರ್ದು. ಗೀರು ಕೆತ್ತಿದ್ದಿರಬೇಕು, ಬಣ್ಣಲೆ ಬರದದ್ದು ಎರಡು ಬ್ಯಾಸಗಿಯಾಗ ಅಳಿಸ್ತೈತಿ. ಡಬ್ಬಿಯಾಗ ತಪಾಸಣಿ ಕಾಗದ ಇದ್ರ ಅದರ ಮ್ಯಾಲಿನ ನಂಬರೂ ಪಾನಾದ ಮ್ಯಾಲಿನ ನಂಬರೂ ಒಂದ ಇರಬೇಕು. "±4%" ಅಂತ ಬರದಿದ್ರ ಮನಿ ಕೆಲಸಕ್ಕ ಧಾರಾಳ ಆತು. ಅದಕ್ಕಿಂತ ಸೂಕ್ಷ್ಮ ಬೇಕಂತ ಯಾರರ ಅಂದ್ರ ಅಂವ ಮಾರಾಕ ಕುಂತಾನ ಅಂತ ತಿಳಿ.

• ಇಂಡಿಯವ್ರು ಸೊಲ್ಲಾಪುರಕ್ಕ ಹೋಗ್ತಾರ, ಉಳದವ್ರು ವಿಜಯಪುರಕ್ಕ. ಎಲ್ಲಿ ಹೋದ್ರೂ ಹಾರ್ಡ್‌ವೇರ್ ಅಂಗಡಿಗಿಂತ ಮೋಟಾರ್ ಸಾಮಾನಿನ ಅಂಗಡಿಯಾಗ ಕೇಳು. ಬಿಲ್ ತಗೋ. ನಮ್ಮ ದೇಶದಾಗ ಕೈಹತ್ಯಾರ ಮಾಡೋ ದೊಡ್ಡ ಊರು ಜಲಂಧರ್. ಹತ್ಯಾರ ಮಾಡೋ ತಾಪಡಿಯಾ ಕಂಪನಿಯವ್ರು ನಾಸಿಕದವ್ರು. ನಮ್ಮವ್ರು ಮಾಡಿದ್ದು ಹಗುರ ಅಂತ ತಿಳೀಬ್ಯಾಡ. ಬಾಗೇವಾಡಿಯ ಶ್ರಾವಣದ ಜಾತ್ರಿಯಾಗ ಬೆಂಡು-ಬತ್ತಾಸು ತಗೋ, ಟಾರ್ಕ್ ಪಾನಾ ತಗೋಬ್ಯಾಡ. ಮಂದಿ ಬಳಸಿ ಬಿಟ್ಟ ಹಳೇದನ್ನೂ ಬ್ಯಾಡ. ಎಷ್ಟು ಸಲ ನೆಲಕ್ಕ ಬಿದ್ದೈತಿ ಅಂತ ಅದು ಬಾಯಿಬಿಟ್ಟು ಹೇಳಂಗಿಲ್ಲ.

• ತಂದ ದಿನಾನ ಪರೀಕ್ಷಾ ಮಾಡು, ವಾಪಸ್ ಕೊಡಾಕ ದಿನ ಉಳದಿರಬೇಕಾದ್ರ. ಇದಕ್ಕ ಪ್ರಯೋಗಾಲಯ ಬ್ಯಾಡ, ಕಿರಾಣಿ ಅಂಗಡಿಯ ಮುದ್ರಿ ಒತ್ತಿದ 10 ಕೇಜಿ ಕಲ್ಲು ಸಾಕು. ಪಾನಾದ ಚೌಕವನ್ನ ವೈಸಿನಾಗ ಹಿಡಿಸು, ಪಾನಾ ನೆಲಕ್ಕ ಸಮ ಅಡ್ಡ ನಿಲ್ಲಬೇಕು. ಚೌಕದ ನಡುವಿನಿಂದ ಹಿಡಿಕಿಯ ನಡುವಿನ ತನಕ ಟೇಪ್ ಹಿಡಿ. 45 ಸೆಂಟಿಮೀಟರ್ ಬಂತು ಅನ್ನು. ಅಲ್ಲಿ ಹಗ್ಗ ಕಟ್ಟಿ ಕಲ್ಲು ತೂಗಿಸಿದ್ರ 10 × 9.8 × 0.45, ಅಂದ್ರ 44 ನ್ಯೂಟನ್ ಮೀಟರ್. ಪಾನಾದ ಸ್ವಂತ ಭಾರದ್ದು ಇನ್ನೊಂದು ಎರಡೋ ಮೂರೋ ಕೂಡತೈತಿ. ಈಗ ಪಾನಾವನ್ನ 44ಕ್ಕ ಇಟ್ಟು ಕಲ್ಲನ್ನ ಮೆಲ್ಲಕ ಬಿಡು, ಟಕ್ ಅನಬೇಕು. 50ಕ್ಕ ಇಟ್ಟು ಬಿಡು, ಸುಮ್ಮ ಇರಬೇಕು. ಎರಡೂ ಆತಂದ್ರ ಪಾನಾ ಇಟ್ಕೋ. ಕಲ್ಲನ್ನ ದಡಕ್ಕನ ಬಿಟ್ರ ಲೆಕ್ಕ ತಪ್ಪತೈತಿ. ಕಲ್ಲು ಸಿಗಲಿಲ್ಲ ಅಂದ್ರ ಕ್ಯಾನಿನಾಗ 10 ಲೀಟರ್ ನೀರು ತುಂಬು, ಖಾಲಿ ಕ್ಯಾನಿನ ತೂಕ ಕೂಡಿಸಿಕೋ. ವರ್ಷಕ್ಕೊಮ್ಮೆ, ದಸರಾಕ್ಕ ಹತ್ಯಾರ ಪೂಜಿ ಮಾಡ್ತಿಯಲ್ಲ, ಅವತ್ತ ಇದನ್ನೂ ಮಾಡು.

• ಬಳಸೋ ರೀತಿ. ಹಿಡಿಕಿಯ ನಡುವ ಹಿಡಿ, ಮೆಲ್ಲಕ ಎಳಿ, ಟಕ್ ಅಂದ ಕೂಡಲೇ ಕೈ ಬಿಡು. "ಗಟ್ಟಿ ಆಗ್ಲಿ" ಅಂತ ಇನ್ನೊಮ್ಮೆ ಟಕ್ ಅನಿಸೋ ಚಟ ನಮ್ಮ ಮಂದಿಗೆ ಭಾಳ. ಎರಡನೇ ಟಕ್ಕಿಗೆ ನಟ್ಟು ಇನ್ನೊಂದಿಷ್ಟು ತಿರುಗಿರ್ತೈತಿ, ನಿನ್ನ ಅಳತಿ ಕೆಟ್ಟಿರ್ತೈತಿ. ಹಿಡಿಕಿಗೆ ಪೈಪ್ ಹಾಕಬ್ಯಾಡ. ನಟ್ಟು ಬಿಚ್ಚಾಕ ಇದನ್ನ ಬಳಸಬ್ಯಾಡ, ಅದಕ್ಕ ನಿನ್ನ ಹಳೇ ಎಲ್ ಪಾನಾ ಐತಿ. ಹಗುರ ದರದವು ಬಹಳಷ್ಟು ಬಲಕ್ಕ ತಿರುವಿದಾಗ ಅಷ್ಟ ಅಳೀತಾವ, ಎಡ ಥ್ರೆಡ್ಡಿನ ಬೋಲ್ಟಿಗೆ ಉಪಯೋಗಿಲ್ಲ.

• ಎಣ್ಣಿ! ಗಾಲಿ ನಟ್ಟಿಗೆ ಗ್ರೀಸ್ ಹಚ್ಚೋರನ್ನ ನೋಡಿದ್ರ ನನಗ ಸಿಟ್ಟು ಬರ್ತೈತಿ. ನೀ ಹಾಕೋ ಬಲದಾಗ ಹತ್ತರಾಗ ಒಂಬತ್ತು ಪಾಲು ತಿಕ್ಕಾಟಕ್ಕ ಹೋಗ್ತೈತಿ, ನಟ್ಟಿನ ತಲಿ ಕೆಳಗ ಅರ್ಧ, ಥ್ರೆಡ್ಡಿನಾಗ ಉಳದದ್ದು. ಬೋಲ್ಟನ್ನ ಎಳದು ಬಿಗಿ ಹಿಡಿಯೋದು ಉಳದ ಒಂದು ಪಾಲು ಅಷ್ಟ. ಎಣ್ಣಿ ಹಚ್ಚಿದ್ರ ತಿಕ್ಕಾಟ ಕಡಿಮಿ ಆಗಿ, ಅದ ಅಂಕಿಗೆ ಬೋಲ್ಟು ಎಷ್ಟೋ ಜಾಸ್ತಿ ಎಳೀತೈತಿ. ಪುಸ್ತಕದಾಗ ಎಣ್ಣಿ ಹಚ್ಚು ಅಂತ ಬರದಿದ್ರ ಹಚ್ಚು, ಇಲ್ಲಂದ್ರ ಬ್ರಷ್ಷಿಲೆ ದೂಳು ತಗದು ಒಣದ ಹಾಕು.

• ಪಂಕ್ಚರ್ ಹಾಕಿಸಿದ ಮ್ಯಾಲ ಗಾಳಿ ಗನ್ನಿನಿಂದ ಬಿಗಿದು ಕೊಡ್ತಾರ. ಕಂಪನಿ ಹೇಳಿದ ಅಂಕಿ ಅದು ಸಲೀಸ ದಾಟಸ್ತೈತಿ. ಆಮ್ಯಾಲ ರಾತ್ರಿ ಹೊತ್ತು 50ನೇ ನಂಬರ್ ಹೆದ್ದಾರಿಯಾಗ, ಸಿಂದಗಿ-ಜೇವರ್ಗಿ ನಡುವ ಗಾಲಿ ಕೂತಿತು ಅನ್ನು, ಡಿಕ್ಕಿಯಾಗಿನ ಸಣ್ಣ ಪಾನಾದ ಮ್ಯಾಲ ನಿಂತು ಕುಣದ್ರೂ ನಟ್ಟು ಬಿಚ್ಚಂಗಿಲ್ಲ. ಮನಿಗೆ ಬಂದು ಒಂದೊಂದ ನಟ್ಟು ಸಡ್ಲ ಮಾಡಿ, ಎದುರು-ಬದುರಾಗಿ ಎರಡು ಸುತ್ತಿನಾಗ ಬಿಗಿ: ಮೊದಲ ಅರ್ಧ ಅಂಕಿಗೆ, ಆಮ್ಯಾಲ ಪೂರಾ ಅಂಕಿಗೆ. 50–100 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ನೋಡು.

• ಪ್ಲಗ್ಗಿಗೆ ಪಾನಾನ ಬೇಕಂತಿಲ್ಲ. ಇಂಡಿಯ ಲಿಂಬಿ ತ್ವಾಟಕ್ಕ ಹೊಡಿಯೋ ಪಂಪಿನ ಪ್ಲಗ್ಗು ಬದಲಿ ಮಾಡೋದಿದ್ರ, ವಾಷರ್ ಇದ್ದ ಹೊಸ ಪ್ಲಗ್ಗನ್ನ ಬೆರಳಿಲೆ ಕೂಡೋ ತನಕ ತಿರುವು, ಆಮ್ಯಾಲ ಪಾನಾಲೆ ಅರ್ಧ ಸುತ್ತು. ಬೆರಳಿಲೆ ತಿರುಗದಿದ್ರ ಅಲ್ಲೇ ನಿಲ್ಲು, ಥ್ರೆಡ್ ಅಡ್ಡ ಹತ್ತೈತಿ.

• ಕೆಲಸ ಮುಗಿದ ಮ್ಯಾಲ ಸ್ಪ್ರಿಂಗ್ ಸಡ್ಲಿಸಿ ಇಡು. ಸಡ್ಲಿಸು ಅಂದ್ರ ಅಳತಿಯ ಕನಿಷ್ಠ ಗೀರಿಗೆ, ಅದಕ್ಕಿಂತ ಕೆಳಗ ಅಲ್ಲ. 100ಕ್ಕ ಇಟ್ಟು ಆರು ತಿಂಗಳು ಮೂಲಿಯಾಗ ಒಗದ್ರ ಸ್ಪ್ರಿಂಗ್ ಸೋಲತೈತಿ. ಡಬ್ಬಿ ಬಿಸಾಡಬ್ಯಾಡ.

• ಒಂದು ಹಳೇ ಕತಿ. ಈ ಪಾನಾ ಹುಟ್ಟಿದ್ದು ಮೋಟಾರಿಗಾಗಿ ಅಲ್ಲ, ನೀರಿನ ಪೈಪಿಗಾಗಿ. 1918ರಾಗ ನ್ಯೂಯಾರ್ಕ್ ನಗರದ ನೀರಿನ ಇಲಾಖೆಯ ಕಾನ್ರಾಡ್ ಬಾರ್ ಅನ್ನಾಂವ, ನೆಲದೊಳಗಿನ ಪೈಪಿನ ಫ್ಲೇಂಜ್ ಬೋಲ್ಟುಗಳನ್ನ ಕೆಲಸಗಾರರು ಬಿಗಿದು ಬಿಗಿದು ಮುರೀತಾರ ಅಂತ ಇದನ್ನ ಮಾಡಿದ ಅಂತಾರ. ಮುಳವಾಡ ಏತ ನೀರಾವರಿಯ ದೊಡ್ಡ ಪೈಪುಗಳನ್ನ ನೋಡಿದಾಗೆಲ್ಲ ನನಗ ಅಂವ ನೆನಪಾಗ್ತಾನ.

• ಕಡೀ ಮಾತು. ನೀ ಟಾರ್ಕ್ ಪಾನಾ ತಂದದ್ದು ಓಣಿಗೆ ಗೊತ್ತಾದ್ರ ಸಂಜಿಗೇ ಯಾರರ "ಟ್ರ್ಯಾಕ್ಟರಿನ ನಟ್ಟು ಬಿಚ್ಚಿ ಈಗ ಕೊಡ್ತೀನಿ" ಅಂತ ಬಾಗಿಲಿಗೆ ಬರ್ತಾರ. ಎಲ್ ಪಾನಾ ಕೊಟ್ಟು ಕಳಿಸು. ಅದನ್ನೂ ವಾಪಸ್ ಕೊಡಲಿಲ್ಲ ಅಂದ್ರ ನನಗ ಫೋನ್ ಮಾಡು, ನನ್ನ ಹತ್ರ ಎರಡದಾವ.