ಕ್ಯಾಪ್ ಹಾಕಿಸುವ ಮೊದಲು ಲೋಹದ ಹೆಸರು ಕೇಳಿ

ಕ್ಯಾಪ್ ಹಾಕಿದ ಹಲ್ಲಿನ ಬುಡ ಕೆಂಪಾಗಿ ಊದಿಕೊಂಡರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಸರಿಯಾಗಿ ಉಜ್ಜುತ್ತಿಲ್ಲ." ನನಗೂ ಅದನ್ನೇ ಹೇಳಿದರು. ಎರಡು ಹೊತ್ತೂ ತಪ್ಪದೆ ಉಜ್ಜುವವಳು ನಾನು. ಬೇರೆ ಯಾವ ಹಲ್ಲಿನ ಸುತ್ತಲೂ ರಕ್ತವಿಲ್ಲ, ರೂಟ್ ಕೆನಾಲ್ ಮಾಡಿ ಕ್ಯಾಪ್ ಕೂರಿಸಿದ ಆ ಒಂದು ದವಡೆ ಹಲ್ಲಿನ ಹತ್ತಿರ ಮಾತ್ರ. ಹಾಕಿದ ಡಾಕ್ಟರಿಗೆ ತೋರಿಸಿದಾಗಲೆಲ್ಲ ಮೌತ್‌ವಾಶ್ ಬರೆದುಕೊಟ್ಟು ಕಳಿಸಿದರು.

ಆ ಕ್ಲಿನಿಕ್ಕಿಗೆ ನನ್ನನ್ನು ಕರೆದೊಯ್ದವರು ನಮ್ಮ ಭಾವ. "ಒಳಗಿನ ಹಲ್ಲು ಯಾರಿಗೆ ಕಾಣುತ್ತೆ? ಜಿರ್ಕೋನಿಯಾಕ್ಕೆ ಯಾಕೆ ದುಡ್ಡು ಸುರೀತೀಯ, ಮೆಟಲ್ ಸೆರಾಮಿಕ್ ಸಾಕು" ಎಂದು ನನ್ನ ಹಲ್ಲಿನ ತೀರ್ಮಾನವನ್ನು ಅವರೇ ಮಾಡಿದರು. ಡಾಕ್ಟರು ತಲೆಯಾಡಿಸಿದರು. ಪಿಂಗಾಣಿಯ ಒಳಗಿರುವ ಲೋಹ ಯಾವುದೆಂದು ನಾನು ಕೇಳಿದೆ. "ಒಳ್ಳೆ ಮೆಟಲ್ಲೇ ಅಮ್ಮ" ಎಂಬ ಉತ್ತರ ಬಂತು. ಗಿಲೀಟಿನ ಓಲೆ ಹಾಕಿದರೆ ಕಿವಿ ಸೋರುವ, ಅಗ್ಗದ ವಾಚಿನ ಬಕಲ್ ತಾಗಿದ ಕಡೆ ಚರ್ಮ ಕೆರೆದು ಕೆಂಪಾಗುವ ಮೈ ನನ್ನದು. ಅದನ್ನು ಯಾರೂ ವಿಚಾರಿಸಲಿಲ್ಲ.

ಕೊನೆಗೆ ದಾವಣಗೆರೆಗೆ ಹೋಗಿ ಒಂದು ದಂತ ವೈದ್ಯಕೀಯ ಕಾಲೇಜಿನ ವಸಡಿನ ವಿಭಾಗದಲ್ಲಿ ತೋರಿಸಿದೆ. ಅಲ್ಲಿನ ಮೇಡಂ ಕೇಳಿದ ಮೊದಲ ಪ್ರಶ್ನೆಯೇ, "ಆಭರಣ ಹಾಕಿದರೆ ಕೆರೆತ ಬರುತ್ತದೆಯೇ?" ಸಣ್ಣ ಅಳತೆ ಕಡ್ಡಿಯನ್ನು ವಸಡಿನ ಸಂದಿಗೆ ಇಳಿಸಿದರು. ಮೂರು ಮಿಲಿಮೀಟರಿನೊಳಗೆ ನಿಲ್ಲಬೇಕಾದ ಕಡ್ಡಿ ಆರರವರೆಗೆ ಇಳಿಯಿತು. ಚರ್ಮದ ವೈದ್ಯರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿದರು. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆಯ ನಂತರ ಬಿಚ್ಚಿದಾಗ ನಿಕಲ್ ಇಟ್ಟ ಜಾಗ ಗುಳ್ಳೆಯೆದ್ದಿತ್ತು. ನನ್ನ ಬಾಯಲ್ಲಿದ್ದದ್ದು ನಿಕಲ್-ಕ್ರೋಮಿಯಂ ಮಿಶ್ರಲೋಹ. ಅಗ್ಗದ ಮೆಟಲ್ ಸೆರಾಮಿಕ್ ಕ್ಯಾಪ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಇದನ್ನೇ.

ಕ್ಯಾಪ್ ತೆಗೆದ ದಿನವನ್ನು ನೆನೆದರೆ ಈಗಲೂ ದವಡೆ ಬಿಗಿಯಾಗುತ್ತದೆ. ಅದು ಎಳೆದರೆ ಬರುವಂಥದ್ದಲ್ಲ, ಕೊರೆದು ಸೀಳಬೇಕು. ಪಿಂಗಾಣಿ ಬೇಗ ಒಡೆಯಿತು, ಲೋಹ ಜಗ್ಗಲಿಲ್ಲ. ಡ್ರಿಲ್ಲಿನ ಕೀರಲು ಸದ್ದು ತಲೆಬುರುಡೆಯೊಳಗೇ ಹುಟ್ಟುತ್ತಿರುವಂತಿತ್ತು. ನೀರು ಚಿಮ್ಮುತ್ತಿದ್ದರೂ ಬಾಯಿ ತುಂಬ ಕಾದ ಲೋಹದ ವಾಸನೆ. ಇಂಜೆಕ್ಷನ್ ಕೊಟ್ಟಿದ್ದರಿಂದ ನೋವಿರಲಿಲ್ಲ, ಆದರೆ ಕುರ್ಚಿಯ ತೋಳು ಹಿಡಿದ ನನ್ನ ಬೆರಳುಗಳು ಬಿಳಿಚಿಕೊಂಡಿದ್ದವು. ನಡುವೆ ಡ್ರಿಲ್ಲಿನ ಮೊನೆ ಸವೆದುಹೋಗಿ ಇನ್ನೊಂದನ್ನು ಹಾಕಿದರು. ಸೀಳಿದ ಕ್ಯಾಪನ್ನು ಅಗಲಿಸಿ ಎತ್ತಿದ ಕೂಡಲೇ ರಕ್ತ ಬಂತು, ದುರ್ವಾಸನೆಯೂ ಬಂತು. ಮೇಡಂ ಕನ್ನಡಿ ಹಿಡಿದು ತೋರಿಸಿದರು: ಹಲ್ಲಿನ ಸುತ್ತ ಹಸಿಹಸಿ ಮಾಂಸ, ವಸಡಿನಡಿಯಲ್ಲಿ ಗಟ್ಟಿಯಾಗಿ ಕೂತ ಸಿಮೆಂಟಿನ ಚೂರು. ಕೂರಿಸಿದ ದಿನವೇ ಅದನ್ನು ಕೆರೆದು ತೆಗೆಯಬೇಕಿತ್ತು. ಇಷ್ಟು ಕಾಲ ಅದರ ಮೇಲೆ ಮೌತ್‌ವಾಶ್ ಮುಕ್ಕಳಿಸುತ್ತಿದ್ದೆ.

ನಿಕಲ್ ಒಂದೇ ಕಾರಣವಲ್ಲ ಎಂದರು ಮೇಡಂ. ಕ್ಯಾಪಿನ ಅಂಚನ್ನು ವಸಡಿನೊಳಗೆ ತೀರಾ ಆಳಕ್ಕೆ ಇಳಿಸಿದ್ದರು. ಮೂಳೆಯ ಮೇಲೆ ಸುಮಾರು ಎರಡು ಮಿಲಿಮೀಟರಿನಷ್ಟು ವಸಡು ಹಲ್ಲಿಗೆ ಅಂಟಿಕೊಂಡಿರುತ್ತದೆ. ಆ ಜಾಗವನ್ನು ಕ್ಯಾಪ್ ಆಕ್ರಮಿಸಿದರೆ ಚಿನ್ನದ್ದಾದರೂ ವಸಡು ಊದುತ್ತದೆ, ಮೂಳೆ ಕರಗುತ್ತದೆ. ವಸಡನ್ನೂ ಮೂಳೆಯನ್ನೂ ಸ್ವಲ್ಪ ಕತ್ತರಿಸಿ ಸರಿಪಡಿಸಿ, ಮಾಯುವತನಕ ಅಕ್ರಿಲಿಕ್ಕಿನ ತಾತ್ಕಾಲಿಕ ಕ್ಯಾಪ್ ಹಾಕಿ, ಆಮೇಲೆ ಲೋಹವಿಲ್ಲದ ಜಿರ್ಕೋನಿಯಾ ಕ್ಯಾಪ್ ಕೂರಿಸಿದರು. ಅಂಚು ಈಗ ವಸಡಿಗಿಂತ ಮೇಲಿದೆ, ಬ್ರಷ್ ತಲುಪುತ್ತದೆ. ವಸಡು ತಿಳಿಗುಲಾಬಿಯಾಗಿದೆ, ಉಜ್ಜಿದರೆ ರಕ್ತವಿಲ್ಲ. ಭಾವ ಉಳಿಸಿಕೊಟ್ಟ ದುಡ್ಡಿನ ಎಷ್ಟೋ ಪಟ್ಟು ಕೈಬಿಟ್ಟಿತು. ಅವರು ಇವತ್ತಿಗೂ ಆ ಡಾಕ್ಟರ ಪರ ವಾದಿಸುತ್ತಾರೆ.

ಕ್ಯಾಪ್ ಹಾಕಿಸುವವರಿಗೆ ನಾನು ಹೇಳುವುದಿಷ್ಟು. ಓಲೆ, ವಾಚು, ಬಟನ್ ತಾಗಿ ಕೆರೆತವಾಗುವವರು ಅದನ್ನು ತಾವಾಗಿಯೇ ಹೇಳಿ, ನಿಕಲ್ ಇಲ್ಲದ್ದನ್ನು ಕೇಳಿ. ಲ್ಯಾಬಿನಿಂದ ಬಂದ ವಸ್ತುವಿನ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಜಿರ್ಕೋನಿಯಾ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಕಚ್ಚು ಸರಿಮಾಡಲು ಕ್ಯಾಪನ್ನು ಸವೆಸಿದ ಮೇಲೆ ಮತ್ತೆ ಪಾಲಿಶ್ ಮಾಡದಿದ್ದರೆ ಆ ಒರಟಿನ ಮೇಲೆ ಪಾಚಿ ಕೂರುತ್ತದೆ, ಎದುರು ಹಲ್ಲೂ ಸವೆಯುತ್ತದೆ. ಕೂರಿಸಿದ ಮೇಲೆ ಎಕ್ಸ್‌ರೇ ತೆಗೆಸಿ ಅಂಚು ಸರಿಯಿದೆಯೇ, ಸಿಮೆಂಟ್ ಉಳಿದಿದೆಯೇ ಎಂದು ನೋಡಲು ಹೇಳಿ. ಹಳೆಯ ಮೆಟಲ್ ಸೆರಾಮಿಕ್ ಕ್ಯಾಪಿನ ಬುಡದಲ್ಲಿ ಕಪ್ಪು ಗೆರೆ ಕಂಡರೆ ಗಾಬರಿ ಬೇಡ, ವಸಡು ಸರಿದು ಲೋಹ ಕಾಣುತ್ತಿರಬಹುದು. ಆದರೆ ಒಂದೇ ಹಲ್ಲಿನ ಸುತ್ತ ಊತ, ರಕ್ತ ನಿಲ್ಲದಿದ್ದರೆ "ಸರಿಯಾಗಿ ಉಜ್ಜಿ" ಎಂಬ ಮಾತಿಗೆ ಸುಮ್ಮನಾಗಬೇಡಿ. ವಸಡಿನ ತಜ್ಞರ ಬಳಿ ಹೋಗಿ, ತಡಮಾಡಬೇಡಿ. ಊತ ಇಳಿಯುತ್ತದೆ, ಕರಗಿದ ಮೂಳೆ ಮೊದಲಿನಂತೆ ಬೆಳೆಯುವುದಿಲ್ಲ.